ಭೂಮಿಯ ಅದುರಾಟವನ್ನು ಓದಿದ ರಿಚರ್ಡ್ ಓಲ್ಡ್‌ಹ್ಯಾಮ್

ರಾಯದುರ್ಗ/ಮಡಕಶಿರ: ಉತ್ತರಾಖಂಡದಲ್ಲೋ ಹಿಮಾಚಲದಲ್ಲೋ ಲಘು ಭೂಕಂಪ ಎಂಬ ಒಂದು ಸಾಲಿನ ಸುದ್ದಿ ಟಿವಿಯ ಕೆಳಗೆ ಓಡಿದರೆ ಸಾಕು, ನಮ್ಮ ಗಡಿ ಹಳ್ಳಿಗಳಲ್ಲೂ ಫೋನುಗಳು ಬಡಿದುಕೊಳ್ಳುತ್ತವೆ. ಒಬ್ಬರ ಮಗ ಸೈನ್ಯದಲ್ಲಿ ಬೆಟ್ಟದ ಮೇಲಿದ್ದಾನೆ. ಇನ್ನೊಬ್ಬರ ತಂದೆ-ತಾಯಿ ಬದರಿ, ಕೇದಾರ ಯಾತ್ರೆಗೆ ಹೋಗಿದ್ದಾರೆ. ಮತ್ತೊಬ್ಬರ ತಮ್ಮ ಅಲ್ಲಿನ ರಸ್ತೆ ಕೆಲಸದಲ್ಲಿದ್ದಾನೆ. ಫೋನು ಸಿಕ್ಕಿ, ಏನೂ ಆಗಿಲ್ಲ, ಪಾತ್ರೆ ಅಲುಗಾಡಿದವು ಅಷ್ಟೇ ಎಂದು ತಿಳಿದ ಮೇಲೂ ಮನಸ್ಸು ಸುಮ್ಮನಿರುವುದಿಲ್ಲ. ಸಣ್ಣದು ಬಂತು, ಇನ್ನು ದೊಡ್ಡದು ಬರುತ್ತದಂತೆ ಎಂದು ಒಬ್ಬರು ಹೇಳುತ್ತಾರೆ. ಇಲ್ಲ, ಸಣ್ಣದು ಬಂದು ಹೋಯಿತು, ಇನ್ನು ದೊಡ್ಡದು ಬರುವುದಿಲ್ಲ ಎಂದು ಇನ್ನೊಬ್ಬರು ಸಮಾಧಾನ ಮಾಡುತ್ತಾರೆ.

ಈ ಎರಡು ಮಾತೂ ಸರಿಯಲ್ಲ. ಏಕೆ ಸರಿಯಲ್ಲ ಎಂದು ತಿಳಿಯಬೇಕಾದರೆ ಒಬ್ಬ ಮನುಷ್ಯನ ಬದುಕಿನ ಕಥೆ ತಿಳಿಯುವುದು ಒಳ್ಳೆಯದು. ಅವರ ಹೆಸರು ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. ಹುಟ್ಟಿದ್ದು ಐರ್ಲೆಂಡಿನಲ್ಲಿ, ದುಡಿದದ್ದು ನಮ್ಮ ದೇಶದಲ್ಲಿ. ಭೂಕಂಪದ ಅಲೆಗಳು ಬೇರೆ ಬೇರೆ ಬಗೆಯವು ಎಂದು ಯಂತ್ರದ ಗೆರೆಗಳಲ್ಲಿ ಗುರುತಿಸಿ ತೋರಿಸಿದವರು, ಭೂಮಿಯ ಹೊಟ್ಟೆಯೊಳಗೆ ಒಂದು ತಿರುಳಿದೆ ಎಂಬುದಕ್ಕೆ ಭೂಕಂಪದಿಂದಲೇ ಸಾಕ್ಷಿ ಕೊಟ್ಟವರು ಇವರು. ಅದಕ್ಕೆ ಬೇಕಾದ ಪಾಠವನ್ನು ಅವರು ಕಲಿತದ್ದು ಭಾರತದ ಬೆಟ್ಟಗಳಲ್ಲಿ.

ತಂದೆ ಬಿಟ್ಟುಹೋದ ಕಾಗದಗಳು

ಓಲ್ಡ್‌ಹ್ಯಾಮ್ ಹುಟ್ಟಿದ್ದು 1858ರ ಜುಲೈ 31ರಂದು, ಡಬ್ಲಿನ್ ನಗರದಲ್ಲಿ. ತಂದೆ ಥಾಮಸ್ ಓಲ್ಡ್‌ಹ್ಯಾಮ್ ಸಾಮಾನ್ಯರಲ್ಲ. 1851ರಲ್ಲಿ ಕಲ್ಕತ್ತೆಗೆ ಬಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಕಟ್ಟಿ ನಿಲ್ಲಿಸಿದವರು. ಇಂದಿಗೂ ಗಣಿ, ಕಲ್ಲು, ಅದಿರು ಎಂದರೆ ನೆನಪಾಗುವ ಇಲಾಖೆ ಅದು.

1869ರ ಜನವರಿ 10ರಂದು ಅಸ್ಸಾಮಿನ ಕಾಛಾರ್ ಪ್ರದೇಶದಲ್ಲಿ ದೊಡ್ಡ ಭೂಕಂಪವಾಯಿತು. ಥಾಮಸ್ ಅವರು ಅಲ್ಲಿಗೆ ಹೋಗಿ ಬಿರುಕು ಬಿಟ್ಟ ನೆಲ, ವಾಲಿದ ಗೋಡೆ, ಉರುಳಿದ ಕಂಬ ಎಲ್ಲವನ್ನೂ ಅಳೆದು ಬರೆದುಕೊಂಡರು. ಗೋಡೆ ಯಾವ ದಿಕ್ಕಿಗೆ ಬಿದ್ದಿದೆ, ಬಿರುಕು ಯಾವ ಕಡೆಗೆ ಓರೆಯಾಗಿದೆ ಎಂದು ನೋಡಿ ಕಂಪನ ಎಲ್ಲಿಂದ ಬಂತು ಎಂದು ಲೆಕ್ಕ ಹಾಕುವುದು ಆ ಕಾಲದ ಕ್ರಮ. ಅದನ್ನು ಕಲಿಸಿಕೊಟ್ಟವರು ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾಲೆಟ್. ಇದರ ಜೊತೆಗೆ ಭಾರತದಲ್ಲಿ ಹಿಂದೆ ಆದ ಭೂಕಂಪಗಳ ಪಟ್ಟಿಯನ್ನೂ ಥಾಮಸ್ ಕೂಡಿಸುತ್ತಿದ್ದರು. ಆದರೆ ಆರೋಗ್ಯ ಕೆಟ್ಟು 1876ರಲ್ಲಿ ಭಾರತ ಬಿಟ್ಟರು. 1878ರಲ್ಲಿ ತೀರಿಕೊಂಡರು. ಬರವಣಿಗೆ ಅರ್ಧಕ್ಕೇ ನಿಂತಿತು.

ಮಗ ರಿಚರ್ಡ್ ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲೂ ಲಂಡನ್ನಿನ ರಾಯಲ್ ಸ್ಕೂಲ್ ಆಫ್ ಮೈನ್ಸ್‌ನಲ್ಲೂ ಓದಿ, 1879ರಲ್ಲಿ ತಂದೆಯ ಇಲಾಖೆಗೇ ಸೇರಿದರು. ಆಗ ವಯಸ್ಸು 21 ಮಾತ್ರ. ಅಪ್ಪ ಬಿಟ್ಟುಹೋದ ಕಾಗದಗಳು ಕಲ್ಕತ್ತೆಯಲ್ಲಿ ಕಾದಿದ್ದವು. ಮಗ ಅವನ್ನು ಒಂದೊಂದಾಗಿ ಜೋಡಿಸಿ, ತಿದ್ದಿ, 1882ರಲ್ಲಿ ಕಾಛಾರ್ ಭೂಕಂಪದ ವರದಿಯನ್ನು ಹೊರತಂದರು. 1883ರಲ್ಲಿ ಭಾರತದ ಭೂಕಂಪಗಳ ಪಟ್ಟಿಯನ್ನು ಅಚ್ಚು ಹಾಕಿಸಿದರು. ಎರಡರಲ್ಲೂ ತಂದೆಯ ಹೆಸರನ್ನು ಉಳಿಸಿದರು. ಹೀಗೆ ಭೂಕಂಪದ ವಿದ್ಯೆ ಅವರಿಗೆ ಬಂದದ್ದು ಪಿತ್ರಾರ್ಜಿತ ಆಸ್ತಿಯಂತೆ.

ಹಳೆಯ ಭೂಕಂಪಗಳ ಪಟ್ಟಿಯಿಂದ ಏನು ಪ್ರಯೋಜನ ಎಂದು ಕೇಳಬಹುದು. ನಮ್ಮ ಊರಿನ ಉದಾಹರಣೆಯನ್ನೇ ನೋಡಿ. ಭಾರತದ ಭೂಕಂಪಗಳ ಪಟ್ಟಿಗಳಲ್ಲಿ 1843ರ ಏಪ್ರಿಲ್ 1ರಂದು ಬಳ್ಳಾರಿ ಕಡೆ ಆದ ಕಂಪನವೂ ಸೇರಿದೆ. ಆ ಕಾಲಕ್ಕೆ ಅನಂತಪುರ ಎಂಬ ಜಿಲ್ಲೆಯೇ ಇರಲಿಲ್ಲ. ರಾಯದುರ್ಗ, ಮಡಕಶಿರ ಎರಡೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಯಿತು. ರಾಯದುರ್ಗ 1953ರವರೆಗೂ ಬಳ್ಳಾರಿಯಲ್ಲೇ ಇತ್ತು. ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆಯ ಗಡಿಗಳು ಬದಲಾದವು, ನೆಲ ಮಾತ್ರ ಅದೇ. ನಮ್ಮ ಕಡೆ ಭೂಕಂಪವೇ ಆಗುವುದಿಲ್ಲ ಎಂದು ನಂಬಿ ಕೂತವರಿಗೆ ಈ ಒಂದು ಸಾಲು ಉತ್ತರ. ಅಪರೂಪಕ್ಕೆ ಆಗುತ್ತದೆ, ಆಗಿದೆ.

ಬೆಟ್ಟಗಳಲ್ಲಿ ಅಲೆದಾಟ

ಸರ್ವೇಕ್ಷಣೆಯ ನೌಕರಿ ಎಂದರೆ ಕುರ್ಚಿಯ ಕೆಲಸವಲ್ಲ. ಮಳೆಗಾಲದಲ್ಲಿ ಕಚೇರಿ, ಉಳಿದ ಕಾಲವೆಲ್ಲ ಡೇರೆ. ರಿಚರ್ಡ್ ಅವರು ಮಣಿಪುರ ಮತ್ತು ನಾಗಾ ಬೆಟ್ಟಗಳಲ್ಲಿ ನಡೆದರು. ಈಗಿನ ಉತ್ತರಾಖಂಡದ ಡೆಹ್ರಾಡೂನ್ ಜಿಲ್ಲೆಗೆ ಸೇರಿದ ಜೌನ್ಸಾರ್ ಬೆಟ್ಟಗಳ ಕಲ್ಲುಗಳ ಬಗ್ಗೆ 1883ರಲ್ಲಿ ಬರೆದರು. ಇಂದು ಲಘು ಭೂಕಂಪದ ಸುದ್ದಿ ಮತ್ತೆ ಮತ್ತೆ ಬರುವುದು ಇಂಥ ಬೆಟ್ಟಗಳಿಂದಲೇ.

ಹಿಮಾಲಯ ಮತ್ತು ನಮ್ಮ ನೆಲಕ್ಕೆ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ರಾಯದುರ್ಗದ ಕೋಟೆ ನಿಂತಿರುವ ಬಂಡೆ, ಮಡಕಶಿರದ ಸುತ್ತಲಿನ ಗುಡ್ಡಗಳು ದೇಶದ ಬಹಳ ಹಳೆಯ ಕಲ್ಲಿನ ನೆಲಕ್ಕೆ ಸೇರಿದವು. ಇವುಗಳ ವಯಸ್ಸನ್ನು ನೂರಾರು ಕೋಟಿ ವರ್ಷಗಳಲ್ಲಿ ಎಣಿಸುತ್ತಾರೆ. ಹಿಮಾಲಯ ಅದರ ಮುಂದೆ ಕೂಸು. ಭಾರತದ ನೆಲದ ತುಂಡು ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಂತೆ ಉತ್ತರಕ್ಕೆ ಸರಿಯುತ್ತಾ ಏಷ್ಯಾವನ್ನು ನೂಕುತ್ತಿದೆ. ಅದರಲ್ಲಿ ಸುಮಾರು 2 ಸೆಂಟಿಮೀಟರ್ ಒತ್ತಡವನ್ನು ಹಿಮಾಲಯವೇ ನುಂಗಿಕೊಳ್ಳಬೇಕು. ಕೆಳಗಿನ ಬಂಡೆ ಅಂಟಿಕೊಂಡು ನಿಂತು, ಬಾಗಿ, ತಡೆಯಲಾರದೆ ಜಾರಿದಾಗ ಭೂಕಂಪ. ಸ್ವಲ್ಪ ಜಾಗ ಸ್ವಲ್ಪವೇ ಜಾರಿದರೆ ಲಘು ಭೂಕಂಪ. ನೂರಾರು ಕಿಲೋಮೀಟರ್ ಉದ್ದ ಹಲವು ಮೀಟರ್ ಜಾರಿದರೆ ಮಹಾ ಭೂಕಂಪ. ಕಾರಣ ಒಂದೇ, ಅಳತೆ ಬೇರೆ.

ಓಲ್ಡ್‌ಹ್ಯಾಮ್ ಕಾಲದಲ್ಲಿ ಭೂಖಂಡಗಳು ಸರಿಯುತ್ತವೆ ಎಂಬ ವಿಷಯ ಯಾರಿಗೂ ಗೊತ್ತಿರಲಿಲ್ಲ. ಅವರ ಕೈಯಲ್ಲಿದ್ದದ್ದು ಸುತ್ತಿಗೆ, ದಿಕ್ಸೂಚಿ, ನೋಟ್ ಪುಸ್ತಕ. 1893ರಲ್ಲಿ ಭಾರತದ ಭೂವಿಜ್ಞಾನದ ಕೈಪಿಡಿಯನ್ನು ಪರಿಷ್ಕರಿಸಿ ಹೊಸದಾಗಿ ಬರೆದುಕೊಟ್ಟರು. ಅಷ್ಟರಲ್ಲಿ ದೇಶದ ಕಲ್ಲುಗಳನ್ನು ಅವರಷ್ಟು ಬಲ್ಲವರು ಕೆಲವೇ ಜನ ಇದ್ದರು. ಆಗ ಬಂತು 1897.

ಜೂನ್ 12ರ ಸಂಜೆ

1897ರ ಜೂನ್ 12, ಶನಿವಾರ, ಸಂಜೆ ಐದೂಕಾಲರ ಹೊತ್ತು. ಈಗಿನ ಮೇಘಾಲಯದ ಶಿಲ್ಲಾಂಗ್ ಬೆಟ್ಟಗಳ ಕೆಳಗೆ ಬಂಡೆ ಹರಿಯಿತು. ಇಂದಿನ ಲೆಕ್ಕದಲ್ಲಿ ಅದರ ತೀವ್ರತೆ 8ಕ್ಕಿಂತ ಹೆಚ್ಚು. ಶಿಲ್ಲಾಂಗ್ ಪಟ್ಟಣದ ಕಲ್ಲಿನ ಕಟ್ಟಡಗಳೆಲ್ಲ ನೆಲ ಕಚ್ಚಿದವು. ಕಲ್ಕತ್ತೆಯ ಮನೆಗಳೂ ಬಿರುಕು ಬಿಟ್ಟವು. ಸತ್ತವರು ಸುಮಾರು 1,500 ಮಂದಿ. ಸಂಜೆಯಾದ್ದರಿಂದ ಜನ ಹೊರಗಿದ್ದರು, ಹಳ್ಳಿಗಳ ಮನೆಗಳು ಬಿದಿರು, ಹುಲ್ಲಿನವು. ಇಲ್ಲವಾದರೆ ಲೆಕ್ಕ ಎಷ್ಟೋ ಪಟ್ಟು ಏರುತ್ತಿತ್ತು.

ತನಿಖೆಯ ಹೊಣೆ ಓಲ್ಡ್‌ಹ್ಯಾಮ್ ಅವರ ಮೇಲೆ ಬಿತ್ತು. ಹತ್ತಿರದಲ್ಲಿ ಭೂಕಂಪ ಅಳೆಯುವ ಒಳ್ಳೆಯ ಯಂತ್ರ ಇರಲಿಲ್ಲ. ಆದ್ದರಿಂದ ಅವರು ಜನರನ್ನೇ ಯಂತ್ರ ಮಾಡಿಕೊಂಡರು. ಅಧಿಕಾರಿಗಳು, ರೈಲ್ವೆ ನೌಕರರು, ಚಹಾ ತೋಟದವರು ಎಲ್ಲರಿಂದಲೂ ವಿವರ ತರಿಸಿಕೊಂಡರು. ಎಷ್ಟು ಗಂಟೆಗೆ ಆಯಿತು, ಎಷ್ಟು ಹೊತ್ತು ಇತ್ತು, ಏನು ಬಿತ್ತು, ಏನು ಬೀಳಲಿಲ್ಲ, ಯಾವ ದಿಕ್ಕಿಗೆ ಬಿತ್ತು ಎಂಬುದು ಅವರಿಗೆ ಬೇಕಾದ ಸಂಗತಿ. ಉತ್ತರಗಳು ರಾಶಿಯಾಗಿ ಬಂದವು. ಭೂಪಟದ ಮೇಲೆ ಅವನ್ನು ಗುರುತಿಸಿ, ಒಂದೇ ಮಟ್ಟದ ಹಾನಿಯಾದ ಊರುಗಳನ್ನು ಗೆರೆಯಿಂದ ಸೇರಿಸಿದರು.

ಗಂಟೆಯ ಲೆಕ್ಕ ಸರಿಯಾಗಿ ಸಿಕ್ಕಿದ್ದಕ್ಕೆ ಒಂದು ಕಾರಣ ನಮ್ಮ ಮದ್ರಾಸು. ಆಗ ಊರೂರಿಗೆ ಬೇರೆ ಬೇರೆ ಗಡಿಯಾರ. ಆದರೆ ದೇಶದ ರೈಲುಗಳು ಮದ್ರಾಸ್ ಸಮಯದ ಮೇಲೆ ಓಡುತ್ತಿದ್ದವು. ತಂತಿಯ ಮೂಲಕ ಆ ಸಮಯ ಸ್ಟೇಷನ್ನುಗಳಿಗೆ ಹೋಗುತ್ತಿತ್ತು. ಹೀಗಾಗಿ ಬೇರೆ ಬೇರೆ ಸ್ಟೇಷನ್ನಿನವರು ಕೊಟ್ಟ ಸಮಯವನ್ನು ಹೋಲಿಸಿ, ಕಂಪನ ನೆಲದ ಮೇಲೆ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ ಹರಡಿತು ಎಂದು ಲೆಕ್ಕ ಹಾಕಲು ಸಾಧ್ಯವಾಯಿತು.

ಆಮೇಲೆ ಅವರೇ ಬೆಟ್ಟ ಹತ್ತಿದರು. ಚೆದ್ರಾಂಗ್ ಎಂಬ ಹೊಳೆಯ ಉದ್ದಕ್ಕೂ ನೆಲ ಸೀಳಿ ಒಂದು ಪಕ್ಕ ಎದ್ದು ನಿಂತಿತ್ತು. ಕೆಲವು ಕಡೆ ಆ ಎತ್ತರ 35 ಅಡಿ, ಎಂದರೆ ಮೂರು ಅಂತಸ್ತಿನ ಮನೆಯಷ್ಟು. ಹೊಳೆ ಆ ಗೋಡೆ ದಾಟುವಲ್ಲಿ ಹೊಸ ಜಲಪಾತಗಳೂ ಮಡುಗಳೂ ಆಗಿದ್ದವು. ಮಣ್ಣಿನಲ್ಲಿ ಹುಗಿದಿದ್ದ ಕಲ್ಲುಗಳು ಕುಣಿಯ ಅಂಚನ್ನು ಮುಟ್ಟದೆ ಹೊರಗೆ ಹಾರಿ ಬಿದ್ದಿದ್ದವು. ಅಂದರೆ ನೆಲ ಕಲ್ಲನ್ನು ಮೇಲಕ್ಕೆ ಎಸೆದಿತ್ತು. ಭೂಮಿ ಎಳೆಯುವ ಬಲಕ್ಕಿಂತ ಹೆಚ್ಚಿನ ಬಲದಿಂದ ನೆಲ ಜಿಗಿದಿದೆ ಎಂದು ಓಲ್ಡ್‌ಹ್ಯಾಮ್ ತೀರ್ಮಾನಿಸಿದರು. ಅಷ್ಟು ಜೋರಾಗಿ ನೆಲ ಅಲುಗಾಡಬಹುದು ಎಂದು ಅದಕ್ಕೆ ಮುಂಚೆ ಯಾರೂ ಇಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ.

ಸಣ್ಣ ಕಂಪನಗಳ ಮಳೆ

ದೊಡ್ಡದು ಮುಗಿದ ಮೇಲೂ ಬೆಟ್ಟ ಸುಮ್ಮನಾಗಲಿಲ್ಲ. ದಿನಕ್ಕೆ ಎಷ್ಟೋ ಸಲ ಸಣ್ಣ ಕಂಪನಗಳು. ತುರಾ ಎಂಬಲ್ಲಿ ತೂಗು ದೀಪವೊಂದು ಮೂರು ನಾಲ್ಕು ದಿನ ತೂಗಾಡುತ್ತಲೇ ಇತ್ತು. ಇನ್ನೊಂದು ಕಡೆ ಮೇಜಿನ ಮೇಲಿಟ್ಟ ಲೋಟದ ನೀರು ಒಂದು ವಾರ ನಡುಗುತ್ತಲೇ ಇತ್ತು. ಇವನ್ನು ಓಲ್ಡ್‌ಹ್ಯಾಮ್ ಉಪೇಕ್ಷೆ ಮಾಡಲಿಲ್ಲ. ಎಲ್ಲಿ, ಯಾವಾಗ, ಎಷ್ಟು ಎಂದು ಬರೆಸಿ ಇಟ್ಟರು.

ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟು. ದೊಡ್ಡ ಭೂಕಂಪದ ಹಿಂದೆ ಸಣ್ಣವು ಬರುವುದು ಸಹಜ. ಸರಿದ ಬಂಡೆ ಹೊಸ ಜಾಗದಲ್ಲಿ ಕೂರಲು ಹೊತ್ತು ತೆಗೆದುಕೊಳ್ಳುತ್ತದೆ. ದಿನ ಕಳೆದಂತೆ ಅವುಗಳ ಸಂಖ್ಯೆ ಇಳಿಯುತ್ತಾ ಹೋಗುತ್ತದೆ ಎಂಬ ನಿಯಮವನ್ನು ಜಪಾನಿನ ಒಮೋರಿ 1894ರಲ್ಲೇ ಕಂಡುಹಿಡಿದಿದ್ದರು. ಆದರೆ ನಡುವೆ ಒಂದೆರಡು ಜೋರಾದವೂ ಬರಬಹುದು. ಆದ್ದರಿಂದ ಬಿರುಕು ಬಿಟ್ಟ ಮನೆಯೊಳಗೆ ಮೊದಲ ದಿನಗಳಲ್ಲಿ ಮಲಗಬಾರದು ಎಂಬ ಎಚ್ಚರಿಕೆ.

ಹಿಂದೆ ದೊಡ್ಡದು ಇಲ್ಲದೆ ಸುಮ್ಮನೆ ಒಂದು ಸಣ್ಣ ಕಂಪನ ಬಂದರೆ? ಹಿಮಾಲಯದಲ್ಲಿ ಇದೇ ಹೆಚ್ಚು. ಇಂಥವುಗಳಲ್ಲಿ ಬಹುಪಾಲು ಒಂಟಿಯಾಗಿ ಬಂದು ಒಂಟಿಯಾಗಿ ಹೋಗುತ್ತವೆ. ಕೆಲವೇ ಕೆಲವು ಮಾತ್ರ ದೊಡ್ಡದರ ಮುಂಚೂಣಿಯವು. ಯಾವುದು ಹಾಗೆ ಎಂದು ದೊಡ್ಡದು ಬರುವ ಮೊದಲು ಹೇಳುವ ವಿದ್ಯೆ ಇಂದಿಗೂ ಯಾರಿಗೂ ಬಂದಿಲ್ಲ. ಇಂಥ ದಿನ, ಇಂಥ ಗಂಟೆಗೆ ಭೂಕಂಪ ಎಂದು ಮೊಬೈಲಿನಲ್ಲಿ ಬರುವ ಸಂದೇಶ ಸುಳ್ಳು ಎಂದು ಕಣ್ಣು ಮುಚ್ಚಿ ಹೇಳಬಹುದು.

ಸಣ್ಣವು ಬಂದರೆ ಒತ್ತಡ ಇಳಿದು ದೊಡ್ಡದು ತಪ್ಪುತ್ತದೆ ಎಂಬ ಸಮಾಧಾನವೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ತೀವ್ರತೆಯ ಮಾಪನದಲ್ಲಿ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 5ರಿಂದ 8ಕ್ಕೆ ಮೂರು ಮೆಟ್ಟಿಲು. 32ನ್ನು 32ರಿಂದ, ಮತ್ತೆ 32ರಿಂದ ಗುಣಿಸಿ. 32 ಸಾವಿರ ದಾಟುತ್ತದೆ. 8ರ ಒಂದು ಭೂಕಂಪದ ಶಕ್ತಿ ಖರ್ಚಾಗಬೇಕಾದರೆ 5ರ ಭೂಕಂಪಗಳು 32 ಸಾವಿರ ಆಗಬೇಕು. ಕೆರೆ ತುಂಬಿ ಕಟ್ಟೆ ಒಡೆಯುವ ಹಾಗಿದ್ದಾಗ ಚೊಂಬಿನಲ್ಲಿ ನೀರು ಎತ್ತಿ ಹಾಕಿದ ಹಾಗೆ.

ಇಟಲಿಯಿಂದ ಬಂದ ಗೆರೆಗಳು

1899ರಲ್ಲಿ ಓಲ್ಡ್‌ಹ್ಯಾಮ್ ಅವರ ದೊಡ್ಡ ವರದಿ ಪ್ರಕಟವಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಅವರು ಒಬ್ಬ ಒಳ್ಳೆಯ ಸರ್ಕಾರಿ ಅಧಿಕಾರಿ ಎನ್ನಿಸಿಕೊಂಡು ಮರೆತುಹೋಗುತ್ತಿದ್ದರು. ಅವರನ್ನು ಲೋಕ ನೆನೆಯುವಂತೆ ಮಾಡಿದ್ದು ಅವರ ಮುಂದಿನ ಪ್ರಶ್ನೆ.

1889ರಲ್ಲಿ ಜಪಾನಿನ ಒಂದು ಭೂಕಂಪ ಜರ್ಮನಿಯ ಪಾಟ್ಸ್‌ಡಾಮ್‌ನ ಯಂತ್ರದಲ್ಲಿ ದಾಖಲಾಗಿತ್ತು. ಅಂದಿನಿಂದ, ದೂರದ ಭೂಕಂಪವನ್ನೂ ಯಂತ್ರ ಹಿಡಿಯಬಲ್ಲದು ಎಂದು ಗೊತ್ತಿತ್ತು. ಶಿಲ್ಲಾಂಗಿನ ಕಂಪನವನ್ನು ಏಳು ಸಾವಿರ ಕಿಲೋಮೀಟರ್ ದೂರದ ಇಟಲಿಯ ಯಂತ್ರಗಳು ಬರೆದುಕೊಂಡಿದ್ದವು. ಆ ಗೆರೆಗಳನ್ನು ಓಲ್ಡ್‌ಹ್ಯಾಮ್ ಎದುರಿಗಿಟ್ಟುಕೊಂಡು ಕೂತರು. ಬೇರೆಯವರಿಗೆ ಅದು ಗೀಚಿದ ಹಾಗೆ ಕಂಡಿತ್ತು. ಇವರಿಗೆ ಅದರಲ್ಲಿ ಮೂರು ಹಂತಗಳು ಕಂಡವು. ಮೊದಲು ಒಂದು ಸಣ್ಣ ನಡುಕ. ಕೆಲವು ನಿಮಿಷಗಳ ನಂತರ ಇನ್ನೊಂದು, ಸ್ವಲ್ಪ ಜೋರು. ಕೊನೆಗೆ ನಿಧಾನವಾಗಿ ಬರುವ ದೊಡ್ಡ ತೂಗಾಟ.

ಗಣಿತ ಬಲ್ಲವರು ಗಟ್ಟಿ ವಸ್ತುವಿನೊಳಗೆ ಎರಡು ಬಗೆಯ ಅಲೆ ಹೋಗಬಹುದು ಎಂದು ಮೊದಲೇ ಹೇಳಿದ್ದರು. ಒಂದು, ರೈಲು ಡಬ್ಬಿಗಳು ಒಂದಕ್ಕೊಂದು ಡಿಕ್ಕಿ ಹೊಡೆದಂತೆ ಮುಂದೆ ನೂಕುತ್ತಾ ಹೋಗುವ ಅಲೆ. ಇನ್ನೊಂದು, ಬಾವಿಯ ಹಗ್ಗವನ್ನು ಅಲ್ಲಾಡಿಸಿದಾಗ ಅಡ್ಡಡ್ಡ ಕುಣಿಯುತ್ತಾ ಹೋಗುವ ಅಲೆ. ಮೊದಲನೆಯದಕ್ಕೆ ವೇಗ ಹೆಚ್ಚು. ಈಗ ಅವುಗಳನ್ನು ಪಿ ಅಲೆ, ಎಸ್ ಅಲೆ ಎನ್ನುತ್ತಾರೆ. ಮೂರನೆಯದು ನೆಲದ ಮೇಲ್ಮೈಯಲ್ಲಿ ಹರಿದು ಬರುವ ಅಲೆ. ಕಾಗದದ ಮೇಲಿದ್ದ ಈ ಗಣಿತವನ್ನು ನಿಜವಾದ ಭೂಕಂಪದ ಗೆರೆಯಲ್ಲಿ ಬೇರೆ ಬೇರೆಯಾಗಿ ಗುರುತಿಸಿದವರು ಓಲ್ಡ್‌ಹ್ಯಾಮ್.

ಇದು ನಮಗೆ ಏಕೆ ಬೇಕು ಎನ್ನುವವರು ಈ ಲೆಕ್ಕ ನೋಡಿ. ನೆಲದ ಮೇಲ್ಪದರದಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡಿದರೆ, ಎಸ್ ಅಲೆ ಸುಮಾರು ಮೂರೂವರೆ ಕಿಲೋಮೀಟರ್. ಮಿಂಚು ಮೊದಲು, ಗುಡುಗು ಆಮೇಲೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ ಸಿಡಿಲು ಎಷ್ಟು ದೂರ ಎಂದು ಹೇಳುವ ಹಾಗೆ ಇಲ್ಲೂ ಹೇಳಬಹುದು. ಬೆಟ್ಟದ ಊರಿನಲ್ಲಿ ಇರುವ ನಿಮ್ಮ ಮಗನಿಗೆ ಮೊದಲು ಕಿಟಕಿ ಟಕ್ ಎಂದಿತು, ಐದು ಸೆಕೆಂಡು ಬಿಟ್ಟು ಮಂಚ ಅಡ್ಡಡ್ಡ ಅಲುಗಾಡಿತು ಎಂದಿಟ್ಟುಕೊಳ್ಳಿ. ಐದನ್ನು ಎಂಟರಿಂದ ಗುಣಿಸಿದರೆ 40. ಭೂಕಂಪ ಹುಟ್ಟಿದ್ದು ಸುಮಾರು 40 ಕಿಲೋಮೀಟರ್ ದೂರದಲ್ಲಿ. ಮೂರು ಕಡೆಯ ಯಂತ್ರಗಳ ದೂರ ಸಿಕ್ಕರೆ ಭೂಪಟದಲ್ಲಿ ಮೂರು ವೃತ್ತ ಎಳೆದು ಅವು ಸೇರುವ ಜಾಗವನ್ನು ತೋರಿಸಬಹುದು. ಟಿವಿಯಲ್ಲಿ ಇಂಥ ಊರಿನಿಂದ ಇಷ್ಟು ಕಿಲೋಮೀಟರ್ ಎಂದು ಬರುವ ಸುದ್ದಿಯ ಮೂಲ ಉಪಾಯ ಇದು.

ಮೊದಲ ಟಕ್ ಎಂಬ ಶಬ್ದಕ್ಕೂ ದೊಡ್ಡ ಅಲುಗಾಟಕ್ಕೂ ನಡುವಿನ ಆ ಕೆಲವು ಸೆಕೆಂಡುಗಳೇ ಪ್ರಾಣ ಉಳಿಸುವ ಸಮಯ. ಗಟ್ಟಿ ಮೇಜಿನ ಕೆಳಗೆ ನುಸುಳಲು, ತಲೆ ಮುಚ್ಚಿಕೊಳ್ಳಲು ಅಷ್ಟು ಸಾಕು.

ಭೂಮಿಯ ತಿರುಳು

1903ರಲ್ಲಿ ಆರೋಗ್ಯ ಸರಿಯಿಲ್ಲದ ಕಾರಣ ಓಲ್ಡ್‌ಹ್ಯಾಮ್ ನೌಕರಿ ಬಿಟ್ಟು ಇಂಗ್ಲೆಂಡಿಗೆ ಹೋದರು. ತಂದೆಗೆ ಆದಂತೆಯೇ ಮಗನಿಗೂ ಆಯಿತು. ಆದರೆ ತಂದೆಗೆ ಸಿಗದ ವರ್ಷಗಳು ಮಗನಿಗೆ ಸಿಕ್ಕವು.

ಅಲ್ಲಿ ಕೂತು ಲೋಕದ ಬೇರೆ ಬೇರೆ ಭೂಕಂಪಗಳ ಗೆರೆಗಳನ್ನು ಒಟ್ಟು ಮಾಡಿದರು. ಅಲೆಗಳು ದೂರ ಹೋದಂತೆಲ್ಲ ಆಳದಿಂದ ಹಾದು ಬರುತ್ತವೆ. ಆಳದಲ್ಲಿ ವೇಗ ಹೆಚ್ಚು. ಆದರೆ ಭೂಮಿಯ ಆ ಬದಿಯಲ್ಲಿ ಆದ ಭೂಕಂಪದ ಅಲೆ ಈ ಬದಿಗೆ ಬರುವಾಗ ಲೆಕ್ಕಕ್ಕಿಂತ ತಡವಾಗಿ ಬರುತ್ತಿತ್ತು. ಹುಣ್ಣಿಮೆಯ ಬೆಳದಿಂಗಳಲ್ಲಿ ನಡೆಯುತ್ತಿದ್ದವನು ಮಧ್ಯೆ ಕೆಸರು ಗದ್ದೆಗೆ ಇಳಿದಂತೆ, ನಡುವೆ ಎಲ್ಲೋ ವೇಗ ಕಡಿಮೆಯಾಗಿದೆ. ಭೂಮಿಯ ನಡುವೆ ಬೇರೆಯೇ ಗುಣದ ತಿರುಳು ಇದೆ ಎಂದು 1906ರಲ್ಲಿ ಅವರು ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಬರೆದರು. ಮನುಷ್ಯ ಎಂದೂ ಹೋಗಲಾರದ ಜಾಗವನ್ನು ಭೂಕಂಪವೇ ದೀಪವಾಗಿ ತೋರಿಸಿತು.

ಅವರು ಹೇಳಿದ್ದೆಲ್ಲ ಸರಿಯಾಗಿತ್ತು ಎಂದಲ್ಲ. ತಿರುಳಿನ ಗಾತ್ರ ಸರಿಯಾಗಿ ಸಿಕ್ಕಿರಲಿಲ್ಲ. ಎಸ್ ಅಲೆ ಎಂದು ಗುರುತಿಸಿದ ಕೆಲವು ಗೆರೆಗಳು ಬೇರೆ ಅಲೆಗಳಾಗಿದ್ದವು. ಜರ್ಮನಿಯ ಗುಟೆನ್‌ಬರ್ಗ್ ಕೆಲವೇ ವರ್ಷಗಳಲ್ಲಿ ತಿರುಳು ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಆರಂಭವಾಗುತ್ತದೆ ಎಂದು ಸರಿಪಡಿಸಿದರು. ಅದು ದ್ರವ ಎಂದು 1926ರಲ್ಲಿ ಇಂಗ್ಲೆಂಡಿನ ಜೆಫ್ರೀಸ್ ತೋರಿಸಿದರು. ಆದರೆ ತಿರುಳು ಇದೆ ಎಂಬ ಸಾಕ್ಷಿಯನ್ನು ಮೊದಲು ಮುಂದಿಟ್ಟ ಗೌರವ ಓಲ್ಡ್‌ಹ್ಯಾಮ್ ಅವರದೇ.

ಗೌರವಗಳೂ ಬಂದವು. 1908ರಲ್ಲಿ ಲಯೆಲ್ ಪದಕ, 1911ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1920ರಿಂದ 1922ರವರೆಗೆ ಲಂಡನ್ ಭೂವಿಜ್ಞಾನ ಸಂಘದ ಅಧ್ಯಕ್ಷತೆ. 1936ರ ಜುಲೈ 15ರಂದು ವೇಲ್ಸ್‌ನ ಲಾಂಡ್ರಿಂಡಾಡ್ ವೆಲ್ಸ್ ಎಂಬ ಊರಿನಲ್ಲಿ ತೀರಿಕೊಂಡರು. 78 ತುಂಬಲು ಎರಡು ವಾರ ಬಾಕಿ ಇತ್ತು. ಅದಕ್ಕೆ ಹಿಂದಿನ ವರ್ಷ ಅಮೆರಿಕದ ರಿಕ್ಟರ್ ತಮ್ಮ ಮಾಪನವನ್ನು ಪ್ರಕಟಿಸಿದ್ದರು. ಅದೇ 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮಾನ್ ಎಂಬ ಮಹಿಳೆ, ದ್ರವದ ತಿರುಳಿನೊಳಗೆ ಇನ್ನೊಂದು ಒಳತಿರುಳು ಇದೆ ಎಂದು ತೋರಿಸಿದರು. ಒಬ್ಬರು ಹಚ್ಚಿದ ದೀಪದಿಂದ ಇನ್ನೊಬ್ಬರು ಹಚ್ಚಿಕೊಂಡರು.

2001ರಲ್ಲಿ ವಿಜ್ಞಾನಿಗಳು 1897ರ ಹಳೆಯ ಭೂಮಾಪನದ ಅಳತೆಗಳನ್ನು ಮತ್ತೆ ಲೆಕ್ಕ ಹಾಕಿದರು. ಶಿಲ್ಲಾಂಗ್ ಪ್ರಸ್ಥಭೂಮಿಯ ಉತ್ತರ ಅಂಚಿನಲ್ಲಿ, ಮೇಲೆ ಕಾಣದಂತೆ ಅಡಗಿರುವ ಒಂದು ಬಿರುಕು ಆ ದಿನ ಜಾರಿತ್ತು ಎಂದು ಹೇಳಿದರು. ಆ ಬಿರುಕಿಗೆ ಓಲ್ಡ್‌ಹ್ಯಾಮ್ ಅವರ ಹೆಸರನ್ನೇ ಇಟ್ಟಿದ್ದಾರೆ.

ನಮ್ಮ ಪಕ್ಕದ ಗೌರಿಬಿದನೂರು

ಈ ಕಥೆಗೂ ನಮ್ಮ ಗಡಿಗೂ ಇನ್ನೊಂದು ನಂಟಿದೆ. ಮಡಕಶಿರದವರು ಹಿಂದೂಪುರ ದಾಟಿ ಬೆಂಗಳೂರಿಗೆ ಹೋಗುವಾಗ ಸಿಗುವ ಊರು ಗೌರಿಬಿದನೂರು. ಅಲ್ಲಿ 1965ರಲ್ಲಿ ಈಗಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಬ್ರಿಟಿಷ್ ಸಹಕಾರದಿಂದ ಭೂಕಂಪ ಅಳೆಯುವ ಯಂತ್ರಗಳ ದೊಡ್ಡ ಸಾಲನ್ನು ನೆಟ್ಟರು. ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಎರಡು ತೋಳು, ಒಂದೊಂದೂ 20 ಕಿಲೋಮೀಟರಿಗಿಂತ ಉದ್ದ. ದೂರದ ದೇಶಗಳು ನೆಲದಡಿಯಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದರೆ ಹಿಡಿಯುವುದು ಮುಖ್ಯ ಉದ್ದೇಶ. ಭೂಕಂಪವೋ ಬಾಂಬೋ ಎಂದು ಬೇರ್ಪಡಿಸಲು ಪಿ ಅಲೆ, ಎಸ್ ಅಲೆ, ಮೇಲ್ಮೈ ಅಲೆಗಳನ್ನು ಹೋಲಿಸಲೇಬೇಕು. ಈ ಜಾಗವನ್ನು ಆರಿಸಿದ್ದು ನಮ್ಮ ನೆಲ ಹಳೆಯದು, ಗಟ್ಟಿಯಾದದ್ದು, ಸದ್ದಿಲ್ಲದ್ದು ಎಂಬ ಕಾರಣಕ್ಕೆ.

ಉತ್ತರಕಾಶಿಯಲ್ಲಿ ಒಂದು ಭೂಕಂಪ ಆದರೆ ಅದರ ಪಿ ಅಲೆ ಗೌರಿಬಿದನೂರಿಗೆ ತಲುಪಲು ಸುಮಾರು 4 ನಿಮಿಷ. ಎಸ್ ಅಲೆ ಅದಕ್ಕಿಂತ ಸುಮಾರು 3 ನಿಮಿಷ ತಡ. ನೀವು ಹೊಲದಲ್ಲಿ ಕಡಲೆಕಾಯಿ ಕೀಳುತ್ತಿರುವಾಗ ಆ ಅಲೆ ನಿಮ್ಮ ಕಾಲ ಕೆಳಗೂ ಹಾದುಹೋಗುತ್ತದೆ. ನಿಮಗೆ ಗೊತ್ತಾಗುವುದಿಲ್ಲ, ಯಂತ್ರಕ್ಕೆ ಗೊತ್ತಾಗುತ್ತದೆ. ಅಲ್ಲಿಯ ಲಘು ಭೂಕಂಪ ಇಲ್ಲಿಗೂ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇದು. ಅಲೆ ಬರುತ್ತದೆ, ಅಪಾಯ ಬರುವುದಿಲ್ಲ.

ಹಾಗೆಂದು ನಮ್ಮಲ್ಲಿ ಪೂರ್ತಿ ನಿಶ್ಚಿಂತೆ ಎಂದೂ ಹೇಳಲಾಗದು. 2002ರ ಭೂಕಂಪ ವಲಯ ನಕ್ಷೆಯಲ್ಲಿ ಅನಂತಪುರದ ಕಡೆ ಅತಿ ಕಡಿಮೆ ಅಪಾಯದ 2ನೇ ವಲಯದಲ್ಲಿತ್ತು. ಹಿಮಾಲಯದ ಬಹುಭಾಗ 4 ಮತ್ತು 5ನೇ ವಲಯದಲ್ಲಿತ್ತು. ಆದರೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರ್ ಕಡೆ ಆದ ಭೂಕಂಪವನ್ನು ಮರೆಯಬಾರದು. ಅದರ ತೀವ್ರತೆ 6ರ ಆಸುಪಾಸು ಮಾತ್ರ. ಅದೂ ನಮ್ಮಂಥದೇ ದಕ್ಷಿಣದ ಹಳೆಯ ನೆಲ. ಸುಮಾರು 10 ಸಾವಿರ ಜನ ಸತ್ತರು. ಕೊಂದದ್ದು ನೆಲವಲ್ಲ, ಮಣ್ಣು ಮೆತ್ತಿ ಪೇರಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ನಮ್ಮ ಹಳ್ಳಿಗಳ ಹಳೆಯ ಮನೆಗಳೂ ಇಂಥವೇ ಎಂಬುದನ್ನು ಹೇಳಬೇಕಿಲ್ಲ.

ಶಿಲ್ಲಾಂಗಿನವರು 1897ರಿಂದ ಪಾಠ ಕಲಿತರು. ಕಲ್ಲಿನ ಮನೆ ಬಿಟ್ಟು ಮರದ ಚೌಕಟ್ಟು, ಜೊಂಡಿನ ಗೋಡೆ, ಹಗುರ ಚಾವಣಿಯ ಮನೆ ಕಟ್ಟಿಕೊಂಡರು. ಅದನ್ನು ಅಸ್ಸಾಂ ಮಾದರಿ ಮನೆ ಎನ್ನುತ್ತಾರೆ. ಉತ್ತರಕಾಶಿ ಜಿಲ್ಲೆಯಲ್ಲಿ ಕಲ್ಲಿನ ನಡುವೆ ಮರದ ದಿಮ್ಮಿ ಹೆಣೆದು ಕಟ್ಟಿದ ಕೋಟಿ ಬನಾಲ್ ಮಾದರಿಯ ಹಳೆಯ ಮನೆಗಳು 1991ರ ಭೂಕಂಪವನ್ನೂ ತಡೆದು ನಿಂತವು. ನಾವು ಮರ ಹೆಣೆಯಬೇಕಿಲ್ಲ. ಹೊಸ ಮನೆ ಕಟ್ಟುವಾಗ ಬಾಗಿಲ ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕೊಟ್ಟರೆ, ಮೂಲೆಗಳನ್ನು ಗಟ್ಟಿಯಾಗಿ ಬೆಸೆದರೆ, ಗೋಡೆ ಎರಡು ಪದರವಾಗಿ ಬಿಚ್ಚದಂತೆ ಅಡ್ಡಗಲ್ಲು ಇಟ್ಟರೆ ಬಹಳಷ್ಟು ಕೆಲಸ ಆಗುತ್ತದೆ. ಖರ್ಚು ಸ್ವಲ್ಪ, ಆಯುಷ್ಯ ಹೆಚ್ಚು.

ಓಲ್ಡ್‌ಹ್ಯಾಮ್ ಕೇಳಿದ ಪ್ರಶ್ನೆಗಳು ಇಂದಿಗೂ ನಿಂತಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ತನ್ನ ಭೂಕಂಪ್ ಎಂಬ ಮೊಬೈಲ್ ಆ್ಯಪ್ ಮೂಲಕ ಭೂಕಂಪದ ವಿವರ ಕೊಡುತ್ತದೆ. ಕಂಪನ ಅನುಭವಕ್ಕೆ ಬಂದವರಿಂದ ವಿವರವನ್ನೂ ಕೇಳುತ್ತದೆ. ಬೆಟ್ಟದಲ್ಲಿರುವ ನಿಮ್ಮವರಿಗೆ ಇದನ್ನು ಹೇಳಿ. ಎಷ್ಟು ಗಂಟೆ, ಎಷ್ಟು ಹೊತ್ತು, ಏನು ಅಲುಗಾಡಿತು, ಏನು ಬಿತ್ತು ಎಂದು ಅವರು ಬರೆದರೆ ಅದು ಸಣ್ಣ ಕೆಲಸವಲ್ಲ. ಯಂತ್ರ ಇಲ್ಲದ ಊರಿನಲ್ಲಿ ಮನುಷ್ಯನೇ ಯಂತ್ರ.

ನಮ್ಮಲ್ಲಿ ತೆಲುಗಿನವರು ಭೂಮಿ ಅದಿರಿಂದಿ ಎನ್ನುತ್ತಾರೆ, ಕನ್ನಡದವರು ಭೂಮಿ ಅದುರಿತು ಎನ್ನುತ್ತೇವೆ. ಎರಡು ಮಾತಿಗೂ ಬೇರು ಒಂದೇ. ಹಾಗೆಯೇ ಲಘು ಭೂಕಂಪಕ್ಕೂ ಮಹಾ ಭೂಕಂಪಕ್ಕೂ ಬೇರು ಒಂದೇ. ಸಣ್ಣದು ಶಾಪವೂ ಅಲ್ಲ, ವರವೂ ಅಲ್ಲ. ಈ ಬೆಟ್ಟ ಇನ್ನೂ ಸರಿಯುತ್ತಿದೆ ಎಂಬ ಒಂದು ಸುದ್ದಿ ಅದು. ಸುದ್ದಿ ಓದಿದ ಮೇಲೆ ಹೆದರಿ ಕೂರುವ ಬದಲು ಮನೆಯ ಗೋಡೆಯನ್ನು ಒಮ್ಮೆ ನೋಡಿಕೊಳ್ಳುವುದು ಜಾಣತನ.